ಎರಡನೇ ತುಳಿತಕ್ಕೆ ಹಿಡಿದ ಬ್ರೇಕು

ಯಂಕೋಬನ ಮನೆಯಲ್ಲಿ ಕಾರಿಗೆ ಸಿಗುವ ಮರ್ಯಾದೆ ಮನುಷ್ಯರಿಗೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ನಲ್ಲಿ ಬಂದರೆ ಮೊದಲ ಎರಡು ಕೊಡ ನೀರು ಕಾರಿಗೆ, ಆಮೇಲೆ ಉಳಿದವರ ಮುಖ ತೊಳೆಯುವ ಮಾತು. ರಾಯಚೂರಿನ ಬಿಸಿಲಿಗೆ ಬಣ್ಣ ಕೆಟ್ಟೀತೆಂದು ಹೆಂಡತಿ ಬಸ್ಸಮ್ಮನ ತವರಿನ ಕೌದಿ ಅದರ ಬೆನ್ನ ಮೇಲೆ ಬಿದ್ದಿರುತ್ತಿತ್ತು. “ನಾನು ಚಳಿ ಹತ್ತಿ ನಡುಗಿದ್ರೂ ಹಿಂಗ ಹೊಚ್ಚಲಿಲ್ಲ ಈ ಮನುಷ್ಯಾ” ಎಂದು ಬಸ್ಸಮ್ಮ ಗೊಣಗಿದರೆ, ಗಂಡ ಕೇಳಿಸದವನಂತೆ ಕನ್ನಡಿ ಒರೆಸುತ್ತಿದ್ದ. ರಾತ್ರಿ ಊಟವಾದ ಮೇಲೆ ಚಾರ್ಜಿಂಗ್ ವೈರು ಸಿಕ್ಕಿಸುವುದೂ ಅವನದೇ ಕೆಲಸ. ಬಸ್ಸು ಡಿಪೋ ಬಿಡುವಾಗ ಟ್ಯಾಂಕು ತುಂಬಿರಬೇಕು ಎಂಬುದು ಅವನ ನೌಕರಿಯ ವ್ರತವಾಗಿತ್ತು. ಈಗ ಬ್ಯಾಟರಿಯೂ ದಿನಾ ಗಂಟಲಮಟ ತುಂಬಬೇಕು.

ಅದು ಸುಮ್ಮಸುಮ್ಮನೆ ಬಂದ ಹೆಮ್ಮೆಯಲ್ಲ. ಯಂಕೋಬನ ಅಪ್ಪ ಮಟಮಾರಿಯಲ್ಲಿ ಬೇರೆಯವರ ಬಂಡಿ ಹೊಡೆದವನು; ಊರೊಳಗೆ ಬಂದರೆ ಬಂಡಿಯಿಂದ ಇಳಿದು ಎತ್ತಿನ ಜೊತೆ ನಡೆಯಬೇಕಿತ್ತು. ಮಗ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದ. ಅದೇ ಊರಿನ ದೊಡ್ಡವರು ರಸ್ತೆ ಬದಿ ಕೈ ಎತ್ತಿ ನಿಂತರೆ ನಿಲ್ಲಿಸಬೇಕೋ ಬೇಡವೋ ಎಂದು ಯಂಕೋಬ ತೀರ್ಮಾನಿಸುವ ಕಾಲ ಬಂತು. ಒಂದೂ ಅಪಘಾತವಿಲ್ಲದ ಸೇವೆಗೆ ಕೊಟ್ಟ ಬೆಳ್ಳಿ ಪದಕ ಪಡಸಾಲೆಯ ಗೋಡೆಯ ಮೇಲಿತ್ತು, ಅದರ ಕೆಳಗಿನ ಮೊಳೆಗೆ ಕಾರಿನ ಕೀಲಿ. ಕಾರು ತೆಗೆದುಕೊಂಡದ್ದು ಸೊಸೆ ಮೌನೇಶ್ವರಿಗಾಗಿ. ಆಕೆ ದೇವದುರ್ಗದ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ದಿನಾ ಹೋಗಿಬರುವ ದಾರಿ ದೂರದ್ದು. ಎಲೆಕ್ಟ್ರಿಕ್ ಕಾರು, ಸೆಕೆಂಡ್ ಹ್ಯಾಂಡು. ಓಡಿಸಲು ಕಲಿಸಿದವನು ಯಂಕೋಬನೇ. “ನಮ್ಮ ಮನಿ ಹೆಣ್ಮಗಳು ಸ್ಟೇರಿಂಗ್ ಹಿಡಿದಾಳ ನೋಡ್ರಿ” ಎಂದು ಓಣಿಯ ತುಂಬ ಹೇಳಿಕೊಂಡು ಬಂದವನೂ ಅವನೇ. ಆದರೂ ಬೆಳಿಗ್ಗೆ ಮೊಳೆಯಿಂದ ಕೀಲಿ ತೆಗೆದು ಕೊಡುವ ಕೈ ಮಾತ್ರ ಅವನದೇ ಆಗಿರಬೇಕಿತ್ತು.

ಜನವರಿಯ ಒಂದು ಸಂಜೆ ಮೌನೇಶ್ವರಿ ಡ್ಯೂಟಿಯಿಂದ ಬಂದು, ರೊಟ್ಟಿಗೆ ಹಿಟ್ಟು ನಾದುತ್ತಾ ಮಾತು ತೆಗೆದಳು.

“ಮಾಮಾ, ಗಾಡಿ ಬ್ರೇಕ್ ಯಾಕೋ ಮೆತ್ತಗಾಗ್ಯದ್ರಿ. ಬೆಳಿಗ್ಗೆ ತುಳಿದ್ರ ಕಾಲು ಒಳಗ ಹೋಗೇ ಬಿಡ್ತು.”

ಪುಂಡಿಪಲ್ಯಕ್ಕೆ ಕಾಯುತ್ತಾ ಕುಳಿತಿದ್ದ ಯಂಕೋಬ ತಲೆ ಎತ್ತಿದ. “ಹಿಡೀತೋ ಇಲ್ಲೋ?”

“ಎರಡನೇ ಸಲ ತುಳಿದಾಗ ಹಿಡೀತ್ರಿ.”

“ಹಿಡೀತಲ್ಲ ಮತ್ತ! ಅದಕ್ಯಾಕ ಇಷ್ಟು ಚಿಂತಿ?”

“ಮೊದಲ್ನೇ ಸಲಕ್ಕ ಹಿಡಿಯೋದು ಬ್ರೇಕ್ ಅಲ್ಲೇನ್ರಿ?”

ಒಲೆಯ ಮುಂದಿದ್ದ ಬಸ್ಸಮ್ಮ ನಕ್ಕಳು. ಯಂಕೋಬನಿಗೆ ಆ ನಗು ಹಿಡಿಸಲಿಲ್ಲ. ಎದ್ದು ಅಂಗಳಕ್ಕೆ ಹೋದ, ಕೌದಿ ಸರಿಸಿದ, ಕಾರಿನಲ್ಲಿ ಕುಳಿತು ಪೆಡಲ್ ತುಳಿದ. ತುಳಿದು, ಬಿಟ್ಟು, ಮತ್ತೆ ತುಳಿದು, ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ನೋಡಿದ. “ಕಲ್ಲು ಇದ್ದಂಗದ. ಬಾ, ಬೇಕಾದ್ರ ಕೈಲೆ ಒತ್ತಿ ನೋಡು.”

ಆಕೆ ಬಗ್ಗಿ ಕೈಯಿಂದ ಒತ್ತಿದಳು. ಹೌದು, ಗಟ್ಟಿಯಾಗಿತ್ತು. ಬೆಳಿಗ್ಗೆ ಕಾಲಿಗೆ ಹತ್ತಿದ ಆ ಪೊಳ್ಳು ಎಲ್ಲಿ ಹೋಯಿತೋ ಆಕೆಗೆ ತಿಳಿಯಲಿಲ್ಲ.

ಶಕ್ತಿನಗರದಲ್ಲಿ ಶಿಫ್ಟ್ ಮುಗಿಸಿ ಬಂದ ಗಂಡ ಕಿರಣಕುಮಾರ ಕೈ ತೊಳೆಯುತ್ತಲೇ ತೀರ್ಪು ಕೊಟ್ಟ. “ಎಲೆಕ್ಟ್ರಿಕ್ ಗಾಡಿ ಹಂಗೇ ಇರ್ತದ. ಕಾಲು ತೆಗೆದ್ರ ಅದರಷ್ಟಕ್ಕ ಅದೇ ನಿಧಾನ ಆಗ್ತದ, ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸ್ತದ. ಬ್ರೇಕಿಗೆ ಕೆಲಸಾನೇ ಕಮ್ಮಿ.”

“ಅಲ್ತಾಫನ ಗ್ಯಾರೇಜಿಗೆ ಒಂದ್ಸಲ ತೋರ್ಸೂಣು” ಎಂದಳು ಮೌನೇಶ್ವರಿ.

“ಏನ ತೋರ್ಸೋದು?” ಯಂಕೋಬ ರೊಟ್ಟಿ ಮುರಿದ. “ಎಂಜಿನ್ ಇಲ್ಲ, ಎಣ್ಣಿ ಇಲ್ಲ, ಹೊಗಿ ಇಲ್ಲ. ಎಣ್ಣಿ ಇಲ್ಲದ ಗಾಡಿಗೆ ಸರ್ವಿಸ್ ಯಾಕ? ಡ್ರೈವರ್ ಯಂಕೋಬನಿಗೆ ಬ್ರೇಕ್ ನೋಡಾಕ ಬರಂಗಿಲ್ಲ ಅಂತ ನಾಳೆ ಗಂಜ್ ಮಾರ್ಕೆಟಿನ್ಯಾಗ ನಗಬೇಕೇನು ಮಂದಿ?”

ಕಾರು ಮನೆಗೆ ಬಂದಾಗಿನಿಂದ ಅದರ ಬಾನೆಟ್ಟು ಯಾರೂ ಎತ್ತಿರಲಿಲ್ಲ ಎಂಬುದು ಆ ರಾತ್ರಿ ಯಾರಿಗೂ ಹೊಳೆಯಲಿಲ್ಲ.

ಮೌನೇಶ್ವರಿ ಸುಮ್ಮನೆ ಬಿಡುವ ಹೆಂಗಸಲ್ಲ. ಜ್ವರ ಬಂದವರ ಮೈ ಯಾವ ಹೊತ್ತಿಗೆ ಎಷ್ಟು ಕಾಯುತ್ತದೆ ಎಂದು ನೋಡಿ ನೋಡಿ ಪಳಗಿದ ಕಣ್ಣು. ಆಕೆ ಕಾರನ್ನೂ ಹಾಗೇ ನೋಡತೊಡಗಿದಳು. ಬೆಳಿಗ್ಗೆ ಮನೆ ಬಿಟ್ಟ ಸ್ವಲ್ಪ ದೂರ ಪೆಡಲ್ ನೀರೊಳಗೆ ಕಾಲಿಟ್ಟಂತೆ ಇಳಿಯುತ್ತದೆ, ಕಾಲು ತೆಗೆದರೂ ಕಾರು ನಿಧಾನವಾಗುವುದಿಲ್ಲ, ಹರಿದುಕೊಂಡು ಹೋಗುತ್ತದೆ. ದೇವದುರ್ಗ ಮುಟ್ಟುವ ಹೊತ್ತಿಗೆ ಸುಧಾರಿಸುತ್ತದೆ. ಸಂಜೆ ಬರುವಾಗ ಬ್ರೇಕಿನ ನೆನಪೇ ಆಗುವುದಿಲ್ಲ.

ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಯಂಕೋಬ ಬಾಯಿಬಿಟ್ಟು ನಕ್ಕ. “ಬೆಳಗಿನ ಬ್ರೇಕ್ ಒಂದು, ಸಂಜಿ ಬ್ರೇಕ್ ಒಂದು ಅಂತ ಎರಡು ಅದಾವೇನು? ನಿದ್ದಿಗಣ್ಣಾಗ ಹೋಗ್ತಿ, ಕಾಲಾಗ ಶಕ್ತಿ ಇರಂಗಿಲ್ಲ. ಎರಡು ರೊಟ್ಟಿ ತಿಂದು ಹೋಗು.”

“ತಾತ, ಅವ್ವ ಸುಳ್ಳು ಹೇಳಂಗಿಲ್ಲ” ಎಂದಳು ಮೊಮ್ಮಗಳು ಅನುರಾಧಾ.

“ಸುಳ್ಳು ಅಂತ ಯಾರಂದ್ರು? ಕಾಲು ಮೆತ್ತಗ ಅಂದೆ.”

ಮಾತು ಮುಗಿಸಿಬಿಡಲು ಅವನೇ ಭಾನುವಾರ ಹೆಂಡತಿ, ಮೊಮ್ಮಗಳನ್ನು ಕೂರಿಸಿಕೊಂಡು ಮಾನ್ವಿಗೆ ಹೋಗಿಬಂದ. ಬರುವಾಗ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದು ಪೊಟ್ಟಣವನ್ನು ಸೊಸೆಯ ಮುಂದೆ ಇಟ್ಟ. “ಹೋಗೋ ದಾರ್ಯಾಗ ಎಮ್ಮಿ ಬಂದ್ವು, ಟ್ರ್ಯಾಕ್ಟರ್ ಬಂತು. ಎಲ್ಲಿ ಬೇಕಲ್ಲಿ ನಿಂತದ ಗಾಡಿ. ಏನ್ ಬ್ಯಾನಿ ಅದ ಅದಕ್ಕ?”

“ಗಾಡಿಗಿಲ್ಲ, ನನಗದ ಬ್ಯಾನಿ” ಎಂದಳು ಬಸ್ಸಮ್ಮ. “ಒಂದು ಬ್ರೇಕಿಗೆ ಎರಡು ಸಲ ತೂಗ್ತೀರಿ. ತೊಟ್ಟಿಲದಾಗ ಕುಂತಂಗಾಗಿ ಹೊಟ್ಟಿ ತೊಳಸ್ತು.”

“ನಾಲ್ಕು ದಿನ ಕಾರಿನಾಗ ಕುಂತು ಸುಕುಮಾರಿ ಆದಿ” ಎಂದ ಗಂಡ. ಎಲ್ಲರೂ ನಕ್ಕರು, ಮಿರ್ಚಿ ತಿಂದರು. ಬಸ್ಸಮ್ಮ ಆಡಿದ ಆ ಮಾತಿಗೆ ಆಗ ಯಾರೂ ಕಿವಿಗೊಡಲಿಲ್ಲ, ಮೌನೇಶ್ವರಿಯೂ ಕೊಡಲಿಲ್ಲ.

ಮರುದಿನದಿಂದ ಮೌನೇಶ್ವರಿ ಬಸ್ಸಿಗೆ ಹೋದಳು. ಇದು ಯಂಕೋಬನಿಗೆ ಕೆನ್ನೆಗೆ ಹೊಡೆದಂತಾಯಿತು. ನಿಲ್ದಾಣದಲ್ಲಿ ಹಳೆಯ ಗೆಳೆಯರು “ಯಾಕ ಯಂಕೋಬಣ್ಣ, ಸೊಸಿ ಬಸ್ಸಿನ್ಯಾಗ? ಕಾರು ಮಾರಿದ್ಯೇನು?” ಎಂದು ಕೇಳಿದರಂತೆ. ಅಂದು ಸಂಜೆ ಆಕೆ ಚಪ್ಪಲಿ ಬಿಡುವ ಮೊದಲೇ ಜಗಳ ಶುರುವಾಯಿತು.

“ನಾ ಕಲಿಸಿದ ಡ್ರೈವಿಂಗಿಗೆ ಇಷ್ಟೇ ಏನು ಕಿಮ್ಮತ್ತು? ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲ ಅಂತ ಊರಿಗೆಲ್ಲ ಸಾರಾಕತ್ತೀಯಲ್ಲ!”

“ನಂಬಿಕಿ ಮಾತಲ್ರಿ ಮಾಮಾ. ಹೆದರಿಕಿ ಆಗ್ತದ.”

“ಹೆದರಿಕಿ ಇದ್ದಾಕಿ ಸ್ಟೇರಿಂಗ್ ಮುಟ್ಟಬಾರದಿತ್ತು.”

“ಯಪ್ಪಾ, ಬಿಡು” ಎಂದು ಕಿರಣಕುಮಾರ ನಡುವೆ ಬಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. “ಮುಂದಿನ ವಾರ ನನಗ ರಜಾ ಅದ, ನಾನೇ ತೋರಿಸಿಕೊಂಡು ಬರ್ತೀನಿ. ಅಲ್ಲಿತನಕ ಮುದುಕನ ಮರ್ಯಾದಿ ತೆಗಿಬ್ಯಾಡ.”

ಮುಂದಿನ ವಾರ ಬಂತು, ಕಿರಣಕುಮಾರನ ರಜಾ ಬೇರೆ ಯಾರದೋ ಶಿಫ್ಟಿಗೆ ಹೋಯಿತು. ಮೌನೇಶ್ವರಿ ಮತ್ತೆ ಕಾರು ತೆಗೆದಳು. ಮನೆಯ ನೆಮ್ಮದಿ ಇರಲಿ ಎಂದು ತೆಗೆದಳು. ಆ ನೆಮ್ಮದಿಯ ಮೇಲೆ ಆಕೆಗೆ ಇವತ್ತಿಗೂ ಸಿಟ್ಟಿದೆ.

ಬಸ್ಸಮ್ಮನಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದೇವದುರ್ಗದ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಬರುವ ದಿನ ಸೊಸೆಯ ಜೊತೆ ಹೊರಟಳು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಕೊಂಡಿದ್ದಳು. ಬೆಲ್ಟ್ ಹಾಕಿಕೊಳ್ಳಿ ಎಂದರೆ ಒಪ್ಪಲಿಲ್ಲ. “ಹೊಟ್ಟಿಗೆ ಹಗ್ಗ ಬಿಗಿದಂಗ ಆಗ್ತದ. ನೀ ಅದಿಯಲ್ಲ, ನಡಿ.”

“ಅತ್ತಿ, ನಿಮಗ ಹೆದರಿಕಿ ಇಲ್ಲೇನ್ರಿ? ಬ್ರೇಕ್ ಸರಿ ಇಲ್ಲ ಅಂತ ನಾ ಹೇಳಾಕತ್ತೀನಲ್ಲ.”

“ನಿನ್ನ ಮಾತು ನನಗ ಖರೆ ಅನ್ನಿಸ್ತದವ್ವ. ಪಲ್ಯಕ್ಕ ಉಪ್ಪು ಕಮ್ಮಿ ಅಂತ ಉಂಡವರು ಹೇಳಬೇಕು, ನೋಡಿದವರು ಹೇಳಿದ್ರ ಏನ್ ಬಂತು? ನಿಧಾನ ಹೋಗು.”

ನಿಧಾನವಾಗಿಯೇ ಹೋಗುತ್ತಿದ್ದಳು. ಊರು ದಾಟುವ ಮೊದಲೇ, ಹಳ್ಳದ ಸಣ್ಣ ಸೇತುವೆಯ ಹತ್ತಿರ, ಎಡಗಡೆಯ ತಗ್ಗಿನಿಂದ ಕುರಿಗಳು ರಸ್ತೆಗೆ ಹತ್ತಿದವು. ಒಂದು ಹತ್ತಿದರೆ ಹಿಂಡೇ ಹತ್ತಿದಂತೆ. ಕುರಿಗಳ ನಡುವೆ ಕೋಲು ಹಿಡಿದ ಒಬ್ಬ ಮುದುಕಿ. ಮೌನೇಶ್ವರಿ ಬ್ರೇಕ್ ತುಳಿದಳು. ಪೆಡಲ್ ಇಳಿದುಹೋಯಿತು. ಬಿಟ್ಟು ಮತ್ತೆ ತುಳಿಯುವಷ್ಟರಲ್ಲಿ ಮುದುಕಿ ಕಣ್ಣೆದುರೇ ಇದ್ದಳು. ಮೌನೇಶ್ವರಿ ಸ್ಟೇರಿಂಗ್ ಎಳೆದಳು, ಕಾರು ಸೇತುವೆಯ ಕಟ್ಟೆಗೆ ಬಡಿದು ನಿಂತಿತು. ಕುರಿಗಾಹಿ ಮುದುಕಿ ಬದುಕಿದಳು. ಬಸ್ಸಮ್ಮ ಸೀಟಿನಿಂದ ಜಾರಿ ಮುಂದಕ್ಕೆ ಬಿದ್ದಿದ್ದಳು, ಮೊಣಕಾಲು ಡ್ಯಾಶ್‌ಬೋರ್ಡಿಗೆ ಗುದ್ದಿತ್ತು. ಬುತ್ತಿ ಬಿಚ್ಚಿಹೋಗಿ ಶೇಂಗಾ ಹಿಂಡಿ ಕಾರಿನ ತುಂಬ ಚೆಲ್ಲಿತ್ತು. “ಯವ್ವಾ, ಕಾಲು” ಎಂದಷ್ಟೇ ಅಂದಳು. ನರ್ಸಾದವಳಿಗೆ ಆ ಕಾಲು ಮಲಗಿದ ರೀತಿ ನೋಡಿದರೆ ಸಾಕು, ತೊಡೆಯ ಮೂಳೆ ಮುರಿದಿದೆ ಎಂದು ತಿಳಿಯಿತು.

ರಾಯಚೂರಿನಲ್ಲೇ ಆಪರೇಷನ್ ಮಾಡಿ ರಾಡು ಹಾಕಿದರು. ಬಸ್ಸಮ್ಮ ಮನೆಗೆ ಬಂದದ್ದು ನಾಲ್ಕು ಜನ ಎತ್ತಿದ ಮಂಚದ ಮೇಲೆ. ಕಾರು ಅದಕ್ಕಿಂತ ಮೊದಲೇ ಬಂದಿತ್ತು. ಕಿರಣಕುಮಾರ ಮುಂದಿನ ಬಂಪರು, ದೀಪ ಹಾಕಿಸಿ, ತಗಡು ಬಡಿಸಿ, ಬಣ್ಣ ಹೊಡೆಸಿ ತಂದಿದ್ದ. ತಗಡು ಬಡಿದವರಿಗೆ ಕಾರಿನ ಮೂತಿಯ ಚಿಂತೆ, ಬ್ರೇಕಿನ ಮಾತು ಅವರಿಗೆ ಯಾರೂ ಹೇಳಿರಲಿಲ್ಲ. ಬಂದ ದಿನವೇ ಯಂಕೋಬ ಒಳಗೆ ಕುಳಿತು ಪೆಡಲ್ ತುಳಿದು ನೋಡಿದ್ದ. ಕಲ್ಲಿನಂತಿತ್ತು. ಅಲ್ಲಿಗೆ ಅವನ ಮಟ್ಟಿಗೆ ಎಲ್ಲ ಇತ್ಯರ್ಥವಾಯಿತು.

ನೋಡಲು ಜನ ಬರತೊಡಗಿದರು. ಮಲ್ಲಟದಿಂದ ಬಂದರು, ಗುಂಜಹಳ್ಳಿಯಿಂದ ಬಂದರು, ಓಣಿಯವರು ಬಂದರು. ಬಂದವರೆಲ್ಲ ಮೋಸಂಬಿ ಇಟ್ಟು, ಹೆಂಗಾತು ಎಂದು ಕೇಳುವವರು. ಮೌನೇಶ್ವರಿ ಅಡುಗೆಮನೆಯಲ್ಲಿ ಚಹಾಕ್ಕೆ ಇಡುತ್ತಾ ಮಾವನ ಉತ್ತರ ಕೇಳುವಳು. ಉತ್ತರ ಒಂದೇ. “ಬ್ರೇಕ್ ತುಳಿಯೋ ಬದಲಿ ರೇಸ್ ಪೆಡಲ್ ತುಳಿದಾಳ. ಗಾಬರ್ಯಾಗ ಆಗ್ತದ. ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ಟಿದ್ದು ನನ್ನದೇ ತಪ್ಪು.” ಬೈದು ಹೇಳುತ್ತಿರಲಿಲ್ಲ, ಕನಿಕರದಿಂದ ಹೇಳುತ್ತಿದ್ದ. ಆ ಕನಿಕರ ಬೈಗುಳಕ್ಕಿಂತ ಹೆಚ್ಚು ಸುಡುತ್ತಿತ್ತು.

“ನಾ ನೋಡೀನಿ, ಆಕಿ ಬ್ರೇಕ್ ಮ್ಯಾಲೇ ಕಾಲಿಟ್ಟಿದ್ಲು” ಎಂದು ಒಮ್ಮೆ ಬಸ್ಸಮ್ಮ ಮಂಚದಿಂದ ಹೇಳಿದಳು.

“ನಿನಗ ಬ್ರೇಕ್ ಯಾವುದು, ರೇಸ್ ಯಾವುದು ಅಂತ ಗೊತ್ತೇನು? ಮಕ್ಕೋ ಸುಮ್ಮನ.”

ಕೇಳಿ ಕೇಳಿ ಮೌನೇಶ್ವರಿಗೇ ಅನುಮಾನ ಹುಟ್ಟಿತು. ಅತ್ತೆಯ ಮೈ ಒರೆಸುವಾಗ, ಬೆಡ್‌ಪ್ಯಾನ್ ತೊಳೆಯುವಾಗ, ಬಲಗಾಲನ್ನು ತನ್ನದಲ್ಲವೆಂಬಂತೆ ನೋಡಿಕೊಳ್ಳುವಳು. ನಿಜವಾಗಿಯೂ ಎಲ್ಲಿಟ್ಟೆ? ಒಂದು ದಿನ ಗಂಡನನ್ನು ಕೇಳಿಯೇಬಿಟ್ಟಳು. “ನೀವರೆ ಹೇಳ್ರಿ. ನಾ ರೇಸ್ ತುಳಿದೀನಿ ಅಂತ ನಿಮಗ ಅನ್ನಿಸ್ತದೇನು?”

ಕಿರಣಕುಮಾರ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. “ಈಗ ಅದನ್ನ ತೆಗೆದು ಏನ್ ಮಾಡ್ತಿ? ಆಗಿದ್ದು ಆಗಿ ಹೋಯ್ತು.”

“ಹೌದೋ, ಅಲ್ಲೋ?”

“ಅಪ್ಪಗ ಬ್ರೇಕ್ ಬಗ್ಗೆ ನಮಗಿಂತ ಜಾಸ್ತಿ ಗೊತ್ತದ” ಎಂದು ಹೇಳಿ ಅವನು ಡ್ಯೂಟಿಗೆ ಹೋದ. ಆಕೆ ಬಾಗಿಲ ಹಿಂದೆ ನಿಂತು ಬಹಳ ಹೊತ್ತು ಅತ್ತಳು.

ಹೊಲಿಗೆ ಬಿಚ್ಚಿ ಕೆಲವು ವಾರ ಕಳೆದ ಮೇಲೆ ಡಾಕ್ಟರು ಮತ್ತೆ ಬರಲು ಹೇಳಿದರು. ಆಟೋದ ಕುಲುಕಾಟ ಬಸ್ಸಮ್ಮನ ಕಾಲಿಗೆ ಆಗದು. ಯಂಕೋಬ ಕಾರಿನ ಕೌದಿ ತೆಗೆದ. ಆಗ ಮೌನೇಶ್ವರಿ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಬ್ರೇಕ್ ಬಿಚ್ಚಿಸಿ ನೋಡೋತನಕ ಅತ್ತಿಯನ್ನ ಈ ಗಾಡ್ಯಾಗ ನಾ ಕೂಡಸಾಂಗಿಲ್ರಿ.”

“ನಾನು ಹೊಡಿತೀನಿ. ನೀ ಹೊಡಿಯೋದು ಬ್ಯಾಡ.”

“ಯಾರು ಹೊಡೆದ್ರೂ ಅಷ್ಟೇ. ಅಲ್ತಾಫ್ ನೋಡಿ ಏನೂ ಇಲ್ಲ ಅಂದ್ರ ನನ್ನ ತಪ್ಪು ಅಂತ ನಾನೇ ಮಂದಿ ಮುಂದ ಹೇಳ್ತೀನಿ. ಮತ್ತ ಕೀಲಿ ಮುಟ್ಟಾಂಗಿಲ್ಲ.”

ಯಂಕೋಬ ಸೊಸೆಯ ಮುಖ ನೋಡಿದ. “ನಡಿ ಹಂಗಾದ್ರ. ಒಮ್ಮೆ ಮುಗಿದು ಹೋಗ್ಲಿ.”

ಗಂಜ್ ಹಿಂದಿನ ಗ್ಯಾರೇಜಿಗೆ ಯಂಕೋಬನೇ ಓಡಿಸಿಕೊಂಡು ಬಂದ. ಅಲ್ತಾಫ್ ಕೈ ಒರೆಸಿಕೊಂಡು ಎದ್ದ. “ಬರ್ರಿ ಡ್ರೈವರ್ ಸಾಬ್. ಎಲೆಕ್ಟ್ರಿಕ್ ನನಗೂ ಹೊಸದೇ ನೋಡ್ರಿ. ಮೋಟಾರ್, ಬ್ಯಾಟರಿ ಮುಟ್ಟಂಗಿಲ್ಲ. ಬ್ರೇಕ್ ಅಂದ್ರ ಮಾತ್ರ ನೋಡ್ತೀನಿ, ಅದು ಎಲ್ಲಾ ಗಾಡಿಗೂ ಒಂದೇ.”

ಬಾನೆಟ್ ಎತ್ತಿದ. ಮೂಲೆಯಲ್ಲಿದ್ದ ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದ. ಕುದ್ದು ಕುದ್ದು ಕೆಟ್ಟ ಚಹಾದ ಬಣ್ಣ ಬೆರಳಿಗೆ ಹತ್ತಿತು. “ಇದರ ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡೀರಿ?”

“ಇದಕ್ಕ ಎಣ್ಣಿ ಇಲ್ಲಲ್ಲ” ಎಂದ ಯಂಕೋಬ.

“ಎಂಜಿನ್ ಎಣ್ಣಿ ಇಲ್ರಿ. ಬ್ರೇಕಿಂದು ಅದ. ಅದೂ ತಳ ಕಂಡದ, ಇನ್ನೊಂಚೂರು ಇಳಿದಿದ್ರ ಕೆಂಪು ದೀಪ ಹತ್ತಿ ನಿಮಗೇ ಗೊತ್ತಾಗ್ತಿತ್ತು.” ಅಲ್ತಾಫ್ ಗಾಲಿಗಳನ್ನು ಒಂದೊಂದಾಗಿ ಬಿಚ್ಚಿದ. ಹಿಂದಿನ ಎಡಗಾಲಿಯ ಡ್ರಮ್ಮಿನೊಳಗೆ ಒದ್ದೆಯಾಗಿತ್ತು. “ಇಲ್ಲಿ ಸೋರ್ಯದ. ಎಣ್ಣಿ ಹೊರಗ ಬಂದಲ್ಲಿ...”

“ಗಾಳಿ ಒಳಗ ಹೋಗ್ಯದ” ಎಂದಳು ಮೌನೇಶ್ವರಿ. ಸಲೈನ್ ಪೈಪಿನಲ್ಲಿ ಗುಳ್ಳೆ ಉಳಿಯದಂತೆ ನೋಡುವುದು ಆಕೆಯ ನಿತ್ಯದ ಕೆಲಸ. ಸಿರಿಂಜಿನಲ್ಲಿ ಗಾಳಿ ಇದ್ದರೆ ಒತ್ತಿದ ಹೆಬ್ಬೆರಳಿಗೆ ಹತ್ತುವ ಆ ಪೊಳ್ಳೇ ತನ್ನ ಕಾಲಿಗೂ ಹತ್ತಿದ್ದು ಎಂದು ಆಕೆಗೆ ಈಗ ಅರ್ಥವಾಯಿತು. “ಆದ್ರ ಅಲ್ತಾಫಣ್ಣ, ಬೆಳಿಗ್ಗೆ ಇಳೀತಿತ್ತು, ಸಂಜಿಗೆ ಸರಿ ಇರ್ತಿತ್ತು. ಅದ್ಯಾಕ?”

ಅಲ್ತಾಫನಿಗೂ ತೋಚಲಿಲ್ಲ. ತಲೆ ಕೆರೆದುಕೊಂಡು, “ರಾತ್ರಿ ಚಾರ್ಜ್ ಎಷ್ಟು ಮಾಡ್ತೀರಿ?” ಎಂದ.

“ಫುಲ್” ಎಂದ ಯಂಕೋಬ.

ಆಗ ಮೌನೇಶ್ವರಿಯೇ ಹೇಳಿದಳು. ಕಾಲು ತೆಗೆದರೆ ಕಾರು ತಾನೇ ನಿಧಾನವಾಗುವುದು ಬ್ಯಾಟರಿಗೆ ಕರೆಂಟು ಹೋಗುವುದರಿಂದ ಎಂದು ಅವತ್ತು ಗಂಡ ಹೇಳಿದ್ದ. “ತುಂಬಿದ ಕೊಡಕ್ಕ ಇನ್ನ ನೀರು ಎಲ್ಲಿ ಹಿಡಿತದ? ಬ್ಯಾಟರಿ ಫುಲ್ ಇದ್ರ ಅದು ಕರೆಂಟ್ ತಗೊಳ್ಳಂಗಿಲ್ಲ, ಗಾಡಿ ತಾನೇ ನಿಲ್ಲಂಗಿಲ್ಲ. ಎಲ್ಲಾ ಭಾರ ಈ ಹಾಳಾದ ಬ್ರೇಕಿನ ಮ್ಯಾಲೇ ಬೀಳ್ತದ. ಸಂಜಿಗೆ ಬ್ಯಾಟರಿ ಖಾಲಿ ಆಗಿರ್ತದ, ಹಂಗಾಗಿ ಅದೇ ನಿಲ್ಲಸ್ತಿತ್ತು.”

“ಸಹಿ ಬಾತ್ ಅಕ್ಕಾ, ಅದೇ ಇರಬೇಕು” ಎಂದ ಅಲ್ತಾಫ್.

“ಎಲ್ಲಾ ಖರೆ” ಎಂದ ಯಂಕೋಬ. “ಆದ್ರ ನಾ ತುಳಿದಾಗೆಲ್ಲ ಗಟ್ಟಿ ಇತ್ತು. ನಿಂತಿದ್ದ ಗಾಡ್ಯಾಗ ತುಳಿದೀನಿ. ಗಾಳಿ ಇದ್ರ ನನ್ನ ಕಾಲಿಗೆ ಗೊತ್ತಾಗ್ತಿದ್ದಿಲ್ಲೇನು?”

“ಕುಂದರ್ರಿ, ನೋಡೂಣು. ಒಂದ್ ಸಲ ತುಳಿದು ಹಂಗೇ ಹಿಡೀರಿ” ಎಂದ ಅಲ್ತಾಫ್.

ಯಂಕೋಬ ಕುಳಿತ. ಬಾಗಿಲು ತೆರೆದಿತ್ತು, ಹೊರಗಿನ ಬೆಳಕು ಅವನ ಕಾಲ ಮೇಲೆ ಬಿದ್ದಿತ್ತು. ತುಳಿದ. “ನೋಡು, ಕಲ್ಲು.”

“ಎರಡು ಸಲ ತುಳಿದ್ರಿ ಸಾಬ್. ಒಂದೇ ಸಲ.”

“ಒಂದೇ ಸಲ ತುಳಿದೀನಲ್ಲೋ.”

“ಇನ್ನೊಮ್ಮೆ ತುಳೀರಿ.”

ಮೌನೇಶ್ವರಿ ಬಗ್ಗಿ ನೋಡುತ್ತಿದ್ದಳು. ಮಾವನ ಕಾಲು ಮೊದಲು ಪೆಡಲನ್ನು ಮೆಲ್ಲಗೆ ಒಮ್ಮೆ ತಟ್ಟಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಟ್ಟಿತು, ಆಮೇಲೆ ಬಲವಾಗಿ ತುಳಿಯಿತು. ಹಳೆಯ ಲಾರಿಗಳ ಕಾಲದಿಂದ ಬಂದ ರೂಢಿ. ನೌಕರಿಗೆ ಸೇರುವ ಮೊದಲು ಹತ್ತಿಯ ಲಾರಿ ಹೊಡೆದಾಗ, ಹಿಡಿಯದ ಬ್ರೇಕುಗಳನ್ನು ಹೀಗೆ ತಟ್ಟಿ ಎಬ್ಬಿಸುವುದನ್ನು ಅವನ ಕಾಲು ಕಲಿತಿತ್ತು. ಆ ರೂಢಿ ಬಿಡುವುದನ್ನು ಮಾತ್ರ ಕಲಿತಿರಲಿಲ್ಲ. ಮೊದಲ ತಟ್ಟಿಗೆ ಗಾಳಿ ಅಮುಕಿ, ಎರಡನೆಯದಕ್ಕೆ ಪೆಡಲ್ ಗಟ್ಟಿಯಾಗುತ್ತಿತ್ತು. ಅವನು ಹೊಡೆದರೆ ಎಲ್ಲಿ ಬೇಕಲ್ಲಿ ನಿಂತದ್ದು, ಬಸ್ಸಮ್ಮನ ಹೊಟ್ಟೆ ಎರಡು ಸಲ ತೂಗಿದ್ದು, ಎಲ್ಲ ಇದೇ.

“ಮಾಮಾ, ನಿಮ್ಮ ಕಾಲು ನೋಡ್ಕೊಳ್ರಿ” ಎಂದಳು.

ಅವನು ತಲೆ ಬಗ್ಗಿಸಿ ತನ್ನ ಕಾಲನ್ನೇ ನೋಡುತ್ತಾ ತುಳಿದ. ತಟ್ಟಿತು, ತುಳಿಯಿತು. ಇನ್ನೊಮ್ಮೆ. ತಟ್ಟಿತು, ತುಳಿಯಿತು. ಕೊನೆಗೆ ಎರಡೂ ಕೈಯಿಂದ ತನ್ನ ಮೊಣಕಾಲನ್ನು ಹಿಡಿದುಕೊಂಡು, ಹಟ ಹಿಡಿದ ಎತ್ತನ್ನು ನೊಗಕ್ಕೆ ತರುವವನಂತೆ, ಕಾಲನ್ನು ಒಂದೇ ಸಲ ಕೆಳಕ್ಕೆ ಒತ್ತಿದ. ಪೆಡಲ್ ಸದ್ದಿಲ್ಲದೆ ಇಳಿದು ನೆಲಕ್ಕೆ ತಾಕಿತು.

ಯಂಕೋಬ ಹಾಗೇ ಕುಳಿತ. ಕೈಗಳು ಮೊಣಕಾಲ ಮೇಲೇ ಇದ್ದವು. ಅಲ್ತಾಫ್ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಆಚೆ ಹೋದ.

ಮೌನೇಶ್ವರಿಗೆ ಗೆದ್ದೆನೆಂಬ ಸಂತೋಷವಾಗಲಿಲ್ಲ. ಇಷ್ಟು ದಿನ ತನ್ನ ಕಾಲನ್ನು ತಾನೇ ಅಪರಾಧಿಯಂತೆ ನೋಡಿದ್ದು ನೆನಪಾಗಿ ಅಳು ಬಂತು, ಸಿಟ್ಟೂ ಬಂತು. “ಒಂದು ಮಾತು ಕೇಳಿದ್ರ ಸಾಕಿತ್ತಲ್ರಿ ಮಾಮಾ” ಎಂದಳು. ಅವನು ಇಳಿದು, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತುಕೊಂಡ.

ಸೋರುತ್ತಿದ್ದ ಭಾಗ ತೆಗೆದು ಅಲ್ತಾಫ್ ಹೊಸದು ಹಾಕಿದ. ಹಳೆಯ ಎಣ್ಣೆ ಇಳಿಸಿ ಹೊಸ ಎಣ್ಣೆ ತುಂಬಿದ. ಪೈಪಿನಲ್ಲಿ ಉಳಿದ ಗಾಳಿ ತೆಗೆಯಲು ಒಳಗೆ ಕುಳಿತು ಹೇಳಿದಂತೆ ತುಳಿಯುವವರು ಬೇಕು. ಮೌನೇಶ್ವರಿ ಕುಳಿತಳು. “ತುಳೀರಿ. ಹಿಡೀರಿ. ಬಿಡ್ರಿ” ಎಂದು ಅಲ್ತಾಫ್ ಗಾಲಿಯ ಹತ್ತಿರದಿಂದ ಕೂಗುತ್ತಿದ್ದ, ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಬಂದು ಬಂದು ಒಡೆಯುತ್ತಿದ್ದವು. ಕೊನೆಗೆ ಗುಳ್ಳೆಗಳು ನಿಂತವು. ಪೆಡಲ್ ಮೊದಲ ತುಳಿತಕ್ಕೇ ಗಟ್ಟಿಯಾಗಿ ನಿಂತಿತು. ಅಷ್ಟೂ ಕೆಲಸಕ್ಕೆ ಆದ ಖರ್ಚು ಬಸ್ಸಮ್ಮನಿಗೆ ಹಿಡಿದು ನಡೆಯಲು ತಂದ ವಾಕರ್‌ಗಿಂತ ಕಡಿಮೆ.

ಮನೆಯಲ್ಲಿ ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ. ಕಿರಣಕುಮಾರನಿಗೆ ವಿಷಯ ಹೇಳಿದಾಗ ಅವನು ರೊಟ್ಟಿಯ ತುಂಡನ್ನು ಪಲ್ಯದಲ್ಲಿ ಸುಮ್ಮನೆ ಆಡಿಸುತ್ತಾ, “ನನಗೇನ್ ಗೊತ್ತಿತ್ತು” ಎಂದ. “ನಾ ಹೇಳಿದ್ದು ಗೊತ್ತಿತ್ತಲ್ರಿ” ಎಂದಳು ಹೆಂಡತಿ. ಆಮೇಲೆ ಅವರಿಬ್ಬರ ನಡುವೆ ಹಲವು ದಿನ ಬೇಕು, ಬೇಡ ಎಂಬ ಮಾತಷ್ಟೇ ಉಳಿಯಿತು.

ಎರಡು ದಿನ ಬಿಟ್ಟು ಮಲ್ಲಟದಿಂದ ಬಸ್ಸಮ್ಮನ ತಮ್ಮ ಹುಲಿಗೇಶ ಬಂದ. ಮಂಚದ ಪಕ್ಕ ಕುಳಿತು ಅದೇ ಪ್ರಶ್ನೆ ಕೇಳಿದ. “ಹೆಂಗಾತು ಮಾವಾ ಇದು?”

ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಮೌನೇಶ್ವರಿ ಬಾಗಿಲಲ್ಲೇ ನಿಂತಳು. ಯಂಕೋಬ ಗೋಡೆಯ ಕಡೆ ನೋಡಿದ. ಪದಕ ಅಲ್ಲಿರಲಿಲ್ಲ; ಯಾವಾಗ ತೆಗೆದನೋ, ಬರೀ ಮೊಳೆ ಇತ್ತು.

“ಬ್ರೇಕಿನ್ಯಾಗ ಗಾಳಿ ಸೇರಿತ್ತಪ್ಪ. ಯಾರ ತಪ್ಪೂ ಅಲ್ಲ.”

“ಯಾರ ತಪ್ಪೂ ಅಲ್ಲ ಅನ್ನಬ್ಯಾಡ್ರಿ” ಎಂದಳು ಬಸ್ಸಮ್ಮ. ಮಲಗಿದಲ್ಲಿಂದಲೇ ಸೂರು ನೋಡುತ್ತಾ ಹೇಳಿದಳು. “ದಿನಾ ಉಣ್ಣುವಾಗ ಒಬ್ಬಾಕಿ ಹೇಳಾಕತ್ತಿದ್ಲು. ಎಲ್ರೂ ರೊಟ್ಟಿ ತಿಂದು ಎದ್ದೇವಿ.”

ಹುಲಿಗೇಶ ಒಬ್ಬೊಬ್ಬರ ಮುಖ ನೋಡಿ ಚಹಾ ಕುಡಿದ. ಅಂದಿನಿಂದ ಯಂಕೋಬ ರಾತ್ರಿ ಕಾರಿನ ಪಕ್ಕ ಬೆತ್ತದ ಮೋಡಾ ಹಾಕಿಕೊಂಡು ಕೂರುತ್ತಿದ್ದ. ಬ್ಯಾಟರಿ ಪೂರ್ತಿ ತುಂಬುವ ಮೊದಲೇ ಎದ್ದು ವೈರು ಕೀಳುತ್ತಿದ್ದ. ಬೆಳಿಗ್ಗೆ ಕೀಲಿ ಅಡುಗೆಮನೆಯ ಕಟ್ಟೆಯ ಮೇಲೆ, ಸೊಸೆಯ ಬುತ್ತಿಯ ಪಕ್ಕದಲ್ಲಿ ಇರುತ್ತಿತ್ತು. ಬಾಯಿ ಬಿಟ್ಟು ಹೇಳಬೇಕಾದ ಒಂದು ಮಾತು ಮಾತ್ರ ಬರಲಿಲ್ಲ.

ಡಾಕ್ಟರ ಹತ್ತಿರ ಮೌನೇಶ್ವರಿಯೇ ಕಾರಿನಲ್ಲಿ ಕರೆದುಕೊಂಡು ಹೋದಳು. ಹಿಂದಿನ ಸೀಟಿನಲ್ಲಿ ಬಸ್ಸಮ್ಮ ಕಾಲು ಚಾಚಿ ಕುಳಿತಿದ್ದಳು, ಮುಂದೆ ಯಂಕೋಬ. ಡಾಕ್ಟರು ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು, ಮೂಳೆ ಕೂಡಿದೆ, ಆದರೆ ಕಾಲು ಸ್ವಲ್ಪ ಗಿಡ್ಡವಾಗಿ ಕೂಡಿದೆ ಎಂದರು. ಕುಂಟು ಹೋಗುವುದಿಲ್ಲ. ಇನ್ನು ನೆಲದ ಮೇಲೆ ಕೂರುವಂತಿಲ್ಲ.

“ಅಂದ್ರ ಒಲಿ ಮುಂದ ಕುಂತು ರೊಟ್ಟಿ ಬಡಿಯಂಗಿಲ್ಲೇನ್ರಿ?”

“ಆಗಲ್ಲಮ್ಮ.”

ಬಸ್ಸಮ್ಮ ವಾಪಸ್ ಬರುವಾಗ ಕಿಟಕಿಯ ಹೊರಗೆ ನೋಡುತ್ತಿದ್ದಳು. ಶಾಲೆಯ ಮುಂದಿನ ಹಂಪ್ ಬಂತು. ಮೌನೇಶ್ವರಿ ಬ್ರೇಕ್ ಹಿಡಿದಳು, ಕಾರು ಮೆಲ್ಲಗೆ ಹತ್ತಿ ಇಳಿಯಿತು. ಇನ್ನೊಂದು ಹಂಪ್ ಬಂತು.

“ಏನವ್ವ” ಎಂದಳು ಹಿಂದಿನಿಂದ ಬಸ್ಸಮ್ಮ, “ನೀನೂ ನಿಮ್ಮ ಮಾವನಂಗ ಎರಡೆರಡು ಸಲ ತೂಗಾಕತ್ತೀಯಲ್ಲ.”

ಯಂಕೋಬ ತಿರುಗಿ ಸೊಸೆಯ ಕಾಲು ನೋಡಿದ. ನೋಡಿ, ಮುಖ ಆಚೆ ತಿರುಗಿಸಿದ. ಸ್ವಲ್ಪ ದೂರ ಹೋದ ಮೇಲೆ ಹೇಳಿದ.

“ಒಂದೇ ಸಲ ಸಾಕವ್ವ ಈಗ. ಹಿಡಿತದ.”

“ಗೊತ್ತದ್ರಿ ಮಾಮಾ.”

ಓಣಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಒಂದೇ ಸಲ ಎಂದು ಮೌನೇಶ್ವರಿ ಮನಸ್ಸಿನಲ್ಲೇ ಅಂದುಕೊಂಡಳು. ಆದರೆ ಕಾಲು ಮೊದಲು ಮೆಲ್ಲಗೆ ತಟ್ಟಿ, ಆಮೇಲೆ ತುಳಿಯಿತು.